ಆರು ಲಕ್ಷ ಸಾಲ ಮಾಡಿ ಫಿಸಿಯಾಲಜಿ ಎಂ.ಎಸ್ಸಿ. ಓದಬಹುದೇ?

ಡೊಂಬಿವಲಿಯಲ್ಲಿದ್ದುಕೊಂಡು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿರುವ ನಿಮಗೆ ಪುಣೆಯ ಒಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಮೂರು ವರ್ಷದ ಎಂ.ಎಸ್ಸಿ. ಮೆಡಿಕಲ್ ಫಿಸಿಯಾಲಜಿ (ದೇಹ ಹೇಗೆ ಕೆಲಸ ಮಾಡುತ್ತದೆಂದು ತಿಳಿಸುವ ಶಾಸ್ತ್ರ) ಸೀಟು ಸಿಕ್ಕಿದೆ. ಹಾಸ್ಟೆಲ್ ಸೇರಿ ವರ್ಷಕ್ಕೆ ಎರಡು ಲಕ್ಷ ಬೀಳುತ್ತದೆ. ಹೋಟೆಲಿನ ಗಲ್ಲಾದಲ್ಲಿ ಕೂರುವ ತಂದೆಯವರ ಸಂಬಳ ಅದಕ್ಕೆ ಸಾಲದಾದ್ದರಿಂದ ಬ್ಯಾಂಕ್ ಸಾಲ ಮಾಡಬಹುದೇ ಎಂದು ಕೇಳಿದ್ದೀರಿ. ನಾನು ಇದೇ ಪದವಿಯನ್ನು ಪುಣೆಯಲ್ಲಿಯೇ 2011ರಲ್ಲಿ ಮುಗಿಸಿ, ಅಂದಿನಿಂದ ಪಾಠ ಹೇಳಿಕೊಂಡೇ ಬಂದಿದ್ದೇನೆ. ಈ ಸಾಲ ಬೇಡ ಎನ್ನುವುದು ನನ್ನ ಅಭಿಪ್ರಾಯ. ಈ ವಿಷಯವೇ ಬೇಡ ಎಂದು ನಾನು ಹೇಳುತ್ತಿಲ್ಲ.

ಮೊದಲು ಲೆಕ್ಕ ನೋಡೋಣ. ಆರು ಲಕ್ಷ ರೂಪಾಯಿಯನ್ನು ಶೇ. 10.5ರ ಬಡ್ಡಿಗೆ, ವರ್ಷಕ್ಕೆ ಎರಡು ಲಕ್ಷದಂತೆ ಪಡೆದಿರಿ ಎಂದಿಟ್ಟುಕೊಳ್ಳಿ. ಓದುವ ಮೂರು ವರ್ಷ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ ಎಂದು ಬ್ಯಾಂಕಿನವರು ಹೇಳುವಾಗ ಮನಸ್ಸಿಗೆ ಹಿತವಾಗಿರುತ್ತದೆ, ಆದರೆ ಬಡ್ಡಿ ಮಾತ್ರ ಆ ನಾಲ್ಕು ವರ್ಷವೂ ಬೆಳೆಯುತ್ತಲೇ ಇರುತ್ತದೆ. ಮೊದಲ ಕಂತು ಕಟ್ಟುವ ಹೊತ್ತಿಗೆ ಸರಳ ಬಡ್ಡಿಯ ಲೆಕ್ಕದಲ್ಲಿಯೇ ಸಾಲ ಸುಮಾರು 7.9 ಲಕ್ಷವಾಗಿರುತ್ತದೆ, ಅದನ್ನು ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 13,300 ರೂಪಾಯಿ ಬೇಕು. ಟ್ಯೂಟರ್, ಅಂದರೆ ಸಹಾಯಕ ಪ್ರಾಧ್ಯಾಪಕರಿಗಿಂತ ಕೆಳಗಿನ ಅಧ್ಯಾಪಕ, ಆಗಿ ನನಗೆ ಬಂದ ಮೊದಲ ಸಂಬಳ 18,000. ಈಗ ಸಂಬಳ ಏರಿದೆ ನಿಜ, ಪುಣೆಯ ಬಾಡಿಗೆಯೂ ಏರಿದೆ.

ಇನ್ನೊಂದು ಮಾತನ್ನು ಪ್ರವೇಶದ ಸಮಯದಲ್ಲಿ ಯಾರೂ ಹೇಳುವುದಿಲ್ಲ. ಈ ಎಂ.ಎಸ್ಸಿ.ಯನ್ನು ಮೂರು ವರ್ಷದ ಓದು ಎಂದು ಎಣಿಸಬಾರದು. ವೈದ್ಯಕೀಯ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್.ಡಿ. ಬೇಕೇ ಬೇಕು. ಅಲ್ಲಿಗೆ ಆರೇಳು ವರ್ಷ. ಅಷ್ಟಾದರೂ ನಿಮ್ಮ ಕೆಲಸ ನಿಮ್ಮ ಯೋಗ್ಯತೆಯೊಂದರ ಮೇಲೆ ನಿಲ್ಲುವುದಿಲ್ಲ, ದೆಹಲಿಯಲ್ಲಿ ಬರೆಯುವ ಒಂದು ಶೇಕಡಾವಾರಿನ ಮೇಲೂ ನಿಲ್ಲುತ್ತದೆ. ಎಂ.ಬಿ.ಬಿ.ಎಸ್. ಓದದ ನಮ್ಮಂಥ ಅಧ್ಯಾಪಕರಿಗೆ ಫಿಸಿಯಾಲಜಿ ವಿಭಾಗದಲ್ಲಿ ಮೊದಲು ಶೇ. 30ರವರೆಗೆ ಅವಕಾಶವಿತ್ತು. 2020ರಲ್ಲಿ ವೈದ್ಯಕೀಯ ಶಿಕ್ಷಣದ ನಿಯಮ ರೂಪಿಸುವ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ಶೇ. 15ಕ್ಕೆ ಇಳಿಸಿತು. ವಿಭಾಗದಲ್ಲಿ ಏಳು ಜನ ಅಧ್ಯಾಪಕರಿದ್ದರೆ ಇಬ್ಬರಿಗಿದ್ದ ಜಾಗ ಒಬ್ಬರಿಗೆ ಬಂತು ಎಂದರ್ಥ. ಆ ವರ್ಷ ನಮ್ಮ ವಿಭಾಗದಲ್ಲಿ ಹಾಗೆ ಹೆಚ್ಚಾದವನು ನಾನೇ. ಒಂಬತ್ತು ವರ್ಷ ದುಡಿದ ಖಾಸಗಿ ಕಾಲೇಜು ನನ್ನ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಹಾಗೆಂದು ತಿಳಿದದ್ದೂ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಕಾಣದಿದ್ದಾಗ. 2025ರಲ್ಲಿ ನಿಯಮಗಳು ಮತ್ತೆ ಬದಲಾಗಿ ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರಗಳಿಗೂ ನಮ್ಮವರನ್ನು ಸೇರಿಸಿಕೊಳ್ಳಬಹುದೆಂದಾಯಿತು. ಹೀಗೆ ಐದು ವರ್ಷಕ್ಕೊಮ್ಮೆ ತೆರೆದು ಮುಚ್ಚುವ ಬಾಗಿಲನ್ನು ನಂಬಿ ಸಾಲದ ಕಂತು ಕಟ್ಟಲಾಗುವುದಿಲ್ಲ.

ವಿಚಿತ್ರವೆಂದರೆ, ಅಧ್ಯಾಪಕರ ಕೊರತೆಯೂ ಅಷ್ಟೇ ನಿಜ. 2013-14ರಲ್ಲಿ ದೇಶದಲ್ಲಿ 387 ವೈದ್ಯಕೀಯ ಕಾಲೇಜುಗಳಿದ್ದವು, 2024-25ಕ್ಕೆ 780 ಆದವು. ಎಂ.ಬಿ.ಬಿ.ಎಸ್. ಮುಗಿಸಿದವರು ಫಿಸಿಯಾಲಜಿ ಎಂ.ಡಿ.ಯತ್ತ ತಿರುಗಿಯೂ ನೋಡುವುದಿಲ್ಲ. ಇಂಥ ಸೀಟುಗಳು ಖಾಲಿ ಉಳಿಯುತ್ತವೆಂದೇ 2023ರಲ್ಲಿ ವೈದ್ಯಕೀಯ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯ ಅರ್ಹತಾ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಬೇಕಾಯಿತು. ಈ ಕೊರತೆ ಒಂದು ದಿನ ನಮಗೆ ಅನುಕೂಲವಾಗಬಹುದು ಎಂದು ನನ್ನ ಸಹಪಾಠಿಗಳು ಇಂದಿಗೂ ಹೇಳುತ್ತಾರೆ. ಇರಬಹುದು.

ಬೇರೆ ದಾರಿಗಳಿವೆ, ಆದರೆ ಕಿರಿದು. ಫಿಸಿಯೋಥೆರಪಿ, ನರ್ಸಿಂಗ್, ದಂತವೈದ್ಯಕೀಯ ಕಾಲೇಜುಗಳಲ್ಲಿ ಮೊದಲ ವರ್ಷಕ್ಕೆ ಈ ಪಾಠವಿದೆ. ನಾನು ಈಗ ಇರುವುದು ಅಂಥದೊಂದರಲ್ಲಿ. ನವಿ ಮುಂಬೈನ ಐರೋಳಿಯ ಕಡೆಯ ಮೆಡಿಕಲ್ ಕೋಡಿಂಗ್ (ರೋಗ, ಚಿಕಿತ್ಸೆಗಳ ದಾಖಲೆಗೆ ಸಂಕೇತ ಕೊಡುವ) ಕೆಲಸಕ್ಕೆ ನಿಮ್ಮ ಬಿ.ಎಸ್ಸಿ.ಯೇ ಸಾಕು, ಅದಕ್ಕಾಗಿ ಆರು ಲಕ್ಷ ಸುರಿಯಬೇಕಿಲ್ಲ. ಈ ಪದವಿಯಿಂದ ರೋಗಿಗಳಿಗೆ ಚಿಕಿತ್ಸೆ ಕೊಡುವಂತಿಲ್ಲ ಎಂಬುದನ್ನು ಮನೆಯವರಿಗೆ ಈಗಲೇ ತಿಳಿಸಿಬಿಡಿ. ನನ್ನ ಅತ್ತೆ ಇಂದಿಗೂ ಮೊಣಕಾಲು ನೋವಿಗೆ ಗುಳಿಗೆ ಬರೆದುಕೊಡು ಎನ್ನುತ್ತಾರೆ.

ಹಾಗಾದರೆ ನಾನೇಕೆ ಬಿಟ್ಟಿಲ್ಲ? ಹಿಮೋಗ್ಲೋಬಿನ್ ಅಳೆಯುವ ಸಾಹ್ಲಿ ನಳಿಕೆಯಲ್ಲಿ ತನ್ನದೇ ಬೆರಳಿನ ರಕ್ತವನ್ನು ಆಮ್ಲಕ್ಕೆ ಬೆರೆಸಿ, ಹನಿ ಹನಿಯಾಗಿ ನೀರು ಬಿಡುತ್ತಾ, ಪಕ್ಕದ ಕಂದು ಗಾಜಿಗೆ ಬಣ್ಣ ಹೊಂದಿತೇ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡುವ ಹುಡುಗಿಯೊಬ್ಬಳು "ಸರ್, ಒಂಬತ್ತೇ ಇದೆ" ಎಂದು ಗಾಬರಿಯಾಗುತ್ತಾಳೆ. ಹಿಮೋಗ್ಲೋಬಿನ್ ಎಂಬುದು ಅವಳಿಗೆ ಪುಸ್ತಕದಿಂದ ಮೈಗೆ ಇಳಿಯುವುದು ಆಗ. ಇಂಥದ್ದು ನಿಮಗೂ ಇಷ್ಟವಾದರೆ ಕಡಿಮೆ ಖರ್ಚಿನ ದಾರಿ ಹುಡುಕಿ. ದೆಹಲಿಯ ಏಮ್ಸ್‌ನಲ್ಲಿ ಫಿಸಿಯಾಲಜಿ ಎಂ.ಎಸ್ಸಿ.ಗೆ ಶುಲ್ಕ ತೀರಾ ಕಡಿಮೆ. ಸೀಟುಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಪ್ರವೇಶ ಪರೀಕ್ಷೆಗೆ ಒಂದು ವರ್ಷ ಮೀಸಲಿಡಬೇಕಾದೀತು. ಸಂಶೋಧನೆಯತ್ತ ಒಲವಿದ್ದರೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮಾಡಿ ಸಿಎಸ್‌ಐಆರ್ ನೆಟ್ ಅರ್ಹತಾ ಪರೀಕ್ಷೆ ಬರೆಯಿರಿ, ಸಂಶೋಧನೆ ಮಾಡುವವರಿಗೆ ಕೊಡುವ ಜೆ.ಆರ್.ಎಫ್. ವೇತನ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಕೊಲಾಬಾದ ಟಿಐಎಫ್‌ಆರ್, ಪುಣೆಯ ಐಸರ್ ಎಂಬ ಸಂಶೋಧನಾ ಸಂಸ್ಥೆಗಳೆರಡೂ ನಿಮ್ಮ ಊರಿಗೆ ದೂರವಲ್ಲ. ಆ ದಾರಿಯಲ್ಲಿ ಹೋದರೆ ವೈದ್ಯಕೀಯ ಕಾಲೇಜಿನ ಫಿಸಿಯಾಲಜಿ ವಿಭಾಗದ ಕೆಲಸದ ಆಸೆ ಬಿಡಬೇಕಾಗುತ್ತದೆ ಎಂಬುದೂ ಗೊತ್ತಿರಲಿ.

ಇಷ್ಟಾಗಿಯೂ ಈ ಸೀಟೇ ಬೇಕೆನಿಸಿದರೆ, ಹಣ ಕಟ್ಟುವ ಮೊದಲು ಒಂದು ದಿನ ಇಂದ್ರಾಯಣಿ ರೈಲು ಹತ್ತಿ ಪುಣೆಗೆ ಹೋಗಿ, ಕಚೇರಿಯಲ್ಲಿ ವಿಚಾರಿಸದೆ ನೇರವಾಗಿ ವಿಭಾಗಕ್ಕೇ ಹೋಗಿ ಎರಡು ಪ್ರಶ್ನೆ ಕೇಳಿ: ಇಲ್ಲಿನ ಅಧ್ಯಾಪಕರಲ್ಲಿ ಎಂ.ಎಸ್ಸಿ. ಓದಿದವರು ಎಷ್ಟು ಮಂದಿ, ಮತ್ತು ಕಳೆದ ಮೂರು ತಂಡಗಳಲ್ಲಿ ಇಲ್ಲಿಂದ ಹೊರಬಿದ್ದವರು ಈಗ ಎಲ್ಲಿದ್ದಾರೆ?