‘ಕೆಪ್ಯಾಸಿಟಿ’ ಇದ್ದವರಿಗೆ ಅಪಾಯ ಕಡಿಮೆಯೇ?

ಹಾಸನದ ಓದುಗರೊಬ್ಬರ ಪ್ರಶ್ನೆ: ನಾಲ್ಕು ಪೆಗ್ ಹಾಕಿದರೂ ನನ್ನ ಗೆಳೆಯನಿಗೆ ಏನೂ ಆಗುವುದಿಲ್ಲ. ಅವನಿಗೆ ಕುಡಿತದ ಭಯವಿಲ್ಲ ತಾನೆ? ಕುಡಿದಾಗ ಹೇಗನಿಸಿತು ಎಂದು ಕೇಳಿ ಮುಂದಿನ ಕುಡಿತವನ್ನು ಊಹಿಸುತ್ತಾರಂತೆ, ನಿಜವೇ?

ಸಂಪಾದಕರ ಉತ್ತರ: ಭಯ ಅವನಿಗೇ ಹೆಚ್ಚು. ಅಮೆರಿಕದ ಮನೋವೈದ್ಯ ಮಾರ್ಕ್ ಶುಕಿಟ್ ಮದ್ಯವ್ಯಸನಿಗಳ ಗಂಡುಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಇಪ್ಪತ್ತರ ಹರೆಯದಲ್ಲಿ ಕುಡಿದದ್ದು ಅಷ್ಟಾಗಿ ತಾಗದವರೇ ಮುಂದೆ ಹೆಚ್ಚಾಗಿ ಚಟಕ್ಕೆ ಬಿದ್ದಿದ್ದರು.

ಆದರೆ ತಾಗುವುದರಲ್ಲೂ ಎರಡು ಬಗೆ: ಹುರುಪು ಏರುವುದು, ಮಂಪರು ಕವಿಯುವುದು. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಆಂಡ್ರಿಯಾ ಕಿಂಗ್ 2004ರಲ್ಲಿ ಶುರುಮಾಡಿದ ಅಧ್ಯಯನ ಎರಡನ್ನೂ ಬೇರೆಬೇರೆಯಾಗಿ ಅಳೆಯಿತು. ಮೈತೂಕದ ಕೆ.ಜಿ.ಗೆ 0.8 ಗ್ರಾಂ ಆಲ್ಕೋಹಾಲ್. 70 ಕೆ.ಜಿ. ಗಂಡಸಿಗೆ 56 ಗ್ರಾಂ, ಅಂದರೆ ನಮ್ಮ 30 ಮಿ.ಲೀ. ಪೆಗ್ಗಿನಲ್ಲಿ ಸುಮಾರು ಐದೂವರೆ. ಹೆಂಗಸರ ದೇಹದಲ್ಲಿ ನೀರಿನಂಶ ಕಡಿಮೆ, ಹಾಗಾಗಿ ಅವರಿಗೆ ಅದರ 85%. ಸಿಹಿ ಪಾನೀಯದಲ್ಲಿ ಬೆರೆಸಿ ಕಾಲು ಗಂಟೆಯಲ್ಲಿ ಕುಡಿಸುತ್ತಾರೆ. ಇನ್ನೊಂದು ದಿನ ವಾಸನೆಗಷ್ಟೇ ಮದ್ಯ ಹಾಕಿದ ಹುಸಿ ಪಾನೀಯ. ಲೋಟದಲ್ಲಿ ಉತ್ತೇಜಕವೋ ಮಂಪರಿನ ಔಷಧಿಯೋ ಮದ್ಯವೋ ಇರಬಹುದು ಎಂದಷ್ಟೇ ಹೇಳುತ್ತಾರೆ; ವಿಸ್ಕಿ ಎಂದು ಗೊತ್ತಾದರೆ ನಿರೀಕ್ಷೆಯಿಂದಲೇ ಒಂದಿಷ್ಟು ಅಮಲೇರುತ್ತದೆ.

ಕುಡಿಯುವ ಮೊದಲು, ಆಮೇಲೆ 30, 60, 120, 180ನೇ ನಿಮಿಷಕ್ಕೆ ಉಸಿರು ಪರೀಕ್ಷೆ ಮತ್ತು ಪ್ರಶ್ನೆಗಳು. ಒಟ್ಟು 14 ಭಾವಗಳು. ಮಾತಿನ ಹುರುಪು, ಚೈತನ್ಯದಂಥವು 7. ತಲೆಭಾರ, ಯೋಚನೆ ನಿಧಾನವಾಗುವುದು ಮುಂತಾದವು 7. ಪ್ರತಿಯೊಂದಕ್ಕೂ 0ಯಿಂದ 10ರ ಅಂಕ. ಎಡವುವುದು ಇಲ್ಲೇ. ಎರಡರ ಅಂಕ ಕೂಡಿಸಿ ‘ಒಟ್ಟು ಅಮಲು’ ಎಂದುಬಿಟ್ಟರೆ ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ. ಕೊನೆಗೊಮ್ಮೆ ಮಾತ್ರ ಕೇಳಿದರೆ ಇಳಿಯುವ ಹೊತ್ತಿನ ಮಂಪರಷ್ಟೇ ಸಿಗುತ್ತದೆ, ಏರುವಾಗಿನ ಹುರುಪು ತಪ್ಪಿಹೋಗುತ್ತದೆ. ಕುಡಿದ ಕೂಡಲೇ ಊದಿಸಿದರೆ ಬಾಯಲ್ಲಿ ಉಳಿದ ಮದ್ಯವೂ ಸೇರಿ ಅಂಕಿ ಸುಳ್ಳಾಗಿ ಏರುತ್ತದೆ.

ಹುರುಪು, ಇಷ್ಟ, ‘ಇನ್ನೂ ಬೇಕು’ ಎಂಬ ಆಸೆ ಹೆಚ್ಚು, ಮಂಪರು ಕಡಿಮೆ ಇದ್ದವರೇ ಮುಂದಿನ ವರ್ಷಗಳಲ್ಲಿ ಒಂದೇ ಬೈಠಕ್ಕಿನಲ್ಲಿ ವಿಪರೀತ ಕುಡಿಯುವುದು ಹೆಚ್ಚಾಗಿತ್ತು. ಇದು ಗುಂಪಿನ ಲೆಕ್ಕ, ನಿಮ್ಮ ಗೆಳೆಯನ ಜಾತಕವಲ್ಲ. ಮನೆಯಲ್ಲಿ ಪರೀಕ್ಷಿಸಲು ಹೋಗಬೇಡಿ: ಆ ಪ್ರಮಾಣಕ್ಕೆ ರಕ್ತದಲ್ಲಿ 100 ಮಿ.ಲೀ.ಗೆ ಸುಮಾರು 90 ಮಿ.ಗ್ರಾಂ ಮುಟ್ಟುತ್ತದೆ, ನಮ್ಮಲ್ಲಿ ವಾಹನ ಚಾಲನೆಗೆ ಮಿತಿ 30.

ಕುಡಿಸದೆಯೂ ಕೇಳಬಹುದು. ಶುಕಿಟ್ ಅವರದೇ ಚಿಕ್ಕ ಪ್ರಶ್ನಾವಳಿಯಿದೆ: ಏನೋ ಬದಲಾವಣೆ ಅನಿಸಲು, ನಾಲಿಗೆ ತೊದಲಲು, ಕಾಲು ತಡವರಿಸಲು, ಬೇಡವೆಂದರೂ ನಿದ್ದೆ ಹತ್ತಲು ಎಷ್ಟೆಷ್ಟು ಬೇಕಾಯಿತು? ಕುಡಿಯಲು ಶುರುಮಾಡಿದಾಗಿನ ಮೊದಲ ಐದು ಸಲದ ಲೆಕ್ಕವನ್ನು ಬೇರೆಯಾಗಿ ಕೇಳಿ, ಈಚಿನದರಲ್ಲಿ ಕುಡಿದು ಕುಡಿದು ಮೈ ಒಗ್ಗಿಹೋದದ್ದೂ ಬೆರೆತಿರುತ್ತದೆ. ಉತ್ತರವನ್ನು ‘ಪೆಗ್’ ಎಂದು ಬರೆದುಕೊಳ್ಳದೆ ಮಿ.ಲೀ.ನಲ್ಲಿ ಬರೆದುಕೊಳ್ಳಿ. ಒಬ್ಬರ ಪೆಗ್ 30, ಇನ್ನೊಬ್ಬರದು 60.