ನೀರು ಸಮ ಆಗುವ ತನಕ

ಅಪ್ಪನನ್ನೋ ಅಮ್ಮನನ್ನೋ ನೋಡಿಕೊಳ್ಳಲು ದೂರದ ಕೆಲಸ ಬಿಟ್ಟು ಬಂದ ಮಕ್ಕಳು ಈಚೆಗೆ ಧಾರವಾಡದ ನನ್ನ ಆಪ್ತಸಲಹೆಯ ಕೋಣೆಗೆ ಜಾಸ್ತಿ ಬರುತ್ತಿದ್ದಾರೆ. "ನನ್ನ ಬದುಕು ಅಲ್ಲೇ ನಿಂತುಬಿಟ್ಟದ" ಎನ್ನುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆಗೆ 34 ವರ್ಷ. ಊರು ನವಲಗುಂದದ ಕಡೆ, ಕೆಲಸ ಇಂಗ್ಲೆಂಡಿನಲ್ಲಿ. ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ರಜೆ ಹಾಕಿ ಬಂದವರು ಕೊನೆಗೆ ಕೆಲಸವನ್ನೇ ಬಿಟ್ಟರು. ಫಿಸಿಯೋಥೆರಪಿಯವರು ಹತ್ತು ಸಲ ಎಂದರೆ ಈಕೆ ಇಪ್ಪತ್ತು ಸಲ ಮಾಡಿಸುವುದು. ಅಂಗಿ ಗುಂಡಿಗೆ ಅಪ್ಪ ತಡಕಾಡಿದರೆ ತಾವೇ ಪಟಪಟನೆ ಹಾಕಿಬಿಡುವುದು. ಒಂದು ದಿನ ಅಪ್ಪನ ಮೇಲೆ ಕೂಗಾಡಿ, ಅಳುತ್ತಾ ನನಗೆ ಫೋನ್ ಮಾಡಿದರು.

ಮೂರನೇ ಭೇಟಿಯಲ್ಲಿ ಕೇಳಿದೆ: "ನಿಧಾನ ಅನ್ನೋದು ನಿಮಗೆ ಯಾವತ್ತಾದರೂ ಖುಷಿ ಕೊಟ್ಟಿದೆಯಾ?"

"ಒಮ್ಮೆ ಕೊಟ್ಟದ್ರೀ. ದೋಣ್ಯಾಗ."

ಗೆಳತಿಯರ ಜೊತೆ ಬಾಡಿಗೆ ದೋಣಿಯಲ್ಲಿ ಕಾಲುವೆ ಪ್ರವಾಸ ಹೋಗಿದ್ದರಂತೆ. ದೋಣಿಯ ಅಗಲ ಏಳು ಅಡಿ. ವೇಗದ ಮಿತಿ ಗಂಟೆಗೆ 4 ಮೈಲಿ. ದಂಡೆಯ ಮೇಲೆ ನಡೆಯುವವರೇ ಮುಂದೆ ಹೋಗುತ್ತಾರೆ. ಡಿವೈಜಸ್ ಊರಿನ ಕೇನ್ ಹಿಲ್‌ನಲ್ಲಿ ಆ ಕಾಲುವೆ ಗುಡ್ಡವನ್ನೇ ಹತ್ತುತ್ತದೆ. ಎರಡು ಮೈಲಿಯಲ್ಲಿ 29 ಲಾಕ್‌ಗಳು. ಲಾಕ್ ಎಂದರೆ ಎರಡೂ ತುದಿಗೆ ಗೇಟ್ ಇರುವ ನೀರಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಗೇಟ್ ಮುಚ್ಚಿ, ತೂಬು ಎತ್ತಿ ಮೇಲಿನ ನೀರು ಬಿಡಬೇಕು. ನೀರಿನ ಜೊತೆ ದೋಣಿಯೂ ಏರುತ್ತದೆ.

"ಮೊದಲನೇ ಲಾಕ್‌ನ್ಯಾಗ ಗೇಟಿನ ತೊಲಿ ಹಿಡದು ದಬ್ಬೇ ದಬ್ಬಿದೆ ಮೇಡಮ್. ಅಳ್ಳಾಡಲಿಲ್ಲ. ಹಿಂದಿನ ದೋಣಿ ಅಜ್ಜ ಬಂದು, ನೀರು ಸಮ ಆಗ್ಲಿ, ಆಮ್ಯಾಲ ಬೆನ್ನು ಕೊಟ್ಟು ನಿಲ್ಲು ಸಾಕು ಅಂದ. ಖರೇನ ಅಷ್ಟಕ್ಕ ತೆರೀತು."

ನಾಲ್ಕು ಬೆರಳಷ್ಟು ನೀರಿನ ಅಂತರ ಇದ್ದರೂ ಗೇಟಿನ ಮೇಲೆ ನೂರಾರು ಕಿಲೋ ಒತ್ತಡ ಬೀಳುತ್ತದೆ. ತೋಳಬಲ ಅಲ್ಲಿ ನಡೆಯುವುದಿಲ್ಲ.

"ಅಲ್ಲೀತನಕ ಸುಮ್ನೆ ನಿಂತಿದ್ರಾ?"

"ಇಲ್ಲರೀ, ತೂಬು ಎತ್ತೂದು, ಹಗ್ಗ ಹಿಡಿಯೂದು. ದೋಣಿ ಗ್ವಾಡಿಗೆ ಬಡೀಬಾರ್ದಲ್ಲ."

ಇಷ್ಟು ಹೇಳಿ ಸುಮ್ಮನಾದರು. ತುಂಬಾ ಹೊತ್ತಿನ ಮೇಲೆ, "ಅಪ್ಪಾರ ಗುಂಡಿ ನಾ ಹಾಕಬಾರದಿತ್ತು" ಎಂದರು.

ನನ್ನ ಸಲಹೆ ಅಲ್ಲಿಂದಲೇ ಹುಟ್ಟಿತು. ಗುಂಡಿ ಅವರೇ ಹಾಕಲಿ, ಇಪ್ಪತ್ತು ನಿಮಿಷ ಆದರೂ ಆಗಲಿ. ಸೋತ ಕೈ ಕಲಿಯುವುದು ಅಂಥ ಕೆಲಸವನ್ನು ಮತ್ತೆ ಮತ್ತೆ ಮಾಡಿಯೇ. ವ್ಯಾಯಾಮ ಹೇಳಿದಷ್ಟೇ ಇರಲಿ. ಈ ದೋಣಿಯ ಕಥೆಯನ್ನು ಅಪ್ಪನಿಗೂ ಹೇಳಿ.

ಆಕೆಯ ತಮ್ಮನಿಗೆ ಇದು ಹಿಡಿಸಲಿಲ್ಲ. "ಕಾಯ್ಕೋತ ಕೂಡ್ರಂತ ಹೇಳಾಕ ನೀವ್ಯಾಕ ಬೇಕ್ರೀ?" ಎಂದು ಫೋನಿನಲ್ಲೇ ಕೇಳಿದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ತಾಳ್ಮೆ ಎಂಬ ಮಾತಿಗೆ ನಾನೂ ಹೆದರುತ್ತೇನೆ. ಹೆಣ್ಣುಮಕ್ಕಳ ಬಾಯಿ ಮುಚ್ಚಿಸಲು ಅದನ್ನು ಎಷ್ಟು ಬಳಸಿದ್ದೇವೆ! ಗಂಡನಿಂದ ಹೊಡೆತ ತಿನ್ನುವವಳಿಗೆ ಈ ಲಾಕಿನ ಕಥೆ ನಾನು ಹೇಳಲಾರೆ. ಆಕೆ ಮೊದಲು ಆ ಮನೆಯಿಂದ ಹೊರಗೆ ಬರಬೇಕು. ಆದರೆ ಇಲ್ಲಿ, ಅಪ್ಪ ಗುಂಡಿ ಹಾಕುವಾಗಿನ ಆ ತಡವೇ ಚಿಕಿತ್ಸೆ. ಅದನ್ನು ತಪ್ಪಿಸಿ ಮುಂದೆ ಹೋದರೆ ಕೈಗೆ ಉಳಿಯುವುದೇನು?

ಮುಂದಿನ ಭೇಟಿಗೆ ಆಕೆ ಅಪ್ಪನ ಪ್ರಶ್ನೆಯೊಂದನ್ನು ತಂದಿದ್ದರು. ಮಲಪ್ರಭಾ ಕಾಲುವೆಯ ನೀರಿಗೆ ಪಾಳಿ ಕಾದು ಬೆಳೆ ತೆಗೆದ ರೈತ ಅವರು. ಕಥೆಯನ್ನೆಲ್ಲ ಕೇಳಿ, ತೊದಲುತ್ತಾ, "ಮ್ಯಾಲಕ್ಕ ನೀರು ಎಲ್ಲಿಂದ ಬರತದ?" ಅಂದರಂತೆ. ಮಗಳು ಹುಡುಕಿ ಹೇಳಿದ್ದಾರೆ: ಪ್ರತಿ ದೋಣಿಯ ಜೊತೆ ನೀರು ಕೆಳಗಿಳಿದು ಹೋಗುತ್ತದೆ, ಅದನ್ನು ಮತ್ತೆ ಮೇಲಕ್ಕೆತ್ತಲು 1996ರಲ್ಲಿ ಗುಡ್ಡದ ಬುಡದಲ್ಲಿ ಪಂಪ್ ಕೂಡಿಸಿದ್ದಾರೆ.

"ನಿಮಗೆ ಮೇಲಕ್ಕೆ ನೀರು ಎತ್ತುವವರು ಯಾರು?" ಎಂದು ಕೇಳಿದೆ. ಉತ್ತರ ಇರಲಿಲ್ಲ. ದಿನಕ್ಕೆ ಎರಡು ತಾಸು ಮನೆಯಿಂದ ಹೊರಗಿರಬೇಕು, ಅಷ್ಟು ಹೊತ್ತು ಅಪ್ಪನ ಹತ್ತಿರ ತಮ್ಮ ಕೂರಬೇಕು ಎಂದು ಬರೆದುಕೊಟ್ಟೆ. ಆ ಚೀಟಿಯನ್ನು ಆಕೆ ಅಲ್ಲೇ ಕೂತು ತಮ್ಮನಿಗೆ ವಾಟ್ಸಾಪ್ ಮಾಡಿದರು.