ಹಳೆಯ ಪಿಕಪ್‌ಗೆ ಎಂಜಿನ್ ಬದಲಿಸುವಾಗ ಗೇರ್‌ಬಾಕ್ಸ್ ಮೊದಲು ನೋಡಿ

ನಿಮ್ಮದು 1978ರ ಶೆವ್ರೊಲೆ ಸಿ10. ಆರು ಸಿಲಿಂಡರಿನ ಮೂಲ ಎಂಜಿನ್ ಸೋತಿದೆ, ಹಿಂದಿನ ಆಕ್ಸಲ್‌ನ ಅನುಪಾತ 4.11 (ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ 4.11 ಸುತ್ತು ತಿರುಗಬೇಕು), ಗಾಡಿ ದಿನವೂ ಓಡಬೇಕು, ಆಗಾಗ ಟ್ರೇಲರ್ ಎಳೆಯಬೇಕು. 5.3 ಲೀಟರಿನ ವಿ8 ಹಾಕಲೇ, ಕಮಿನ್ಸ್ 4ಬಿಟಿ ಡೀಸೆಲ್ ಹಾಕಲೇ, ಇಲ್ಲ ಶೆವ್ರೊಲೆಯ ಹಳೆಯ 350 (350 ಘನ ಇಂಚಿನ ವಿ8) ಸಾಕೇ ಎಂದು ಕೇಳಿದ್ದೀರಿ. ಗೇರ್‌ಬಾಕ್ಸ್ ಬಗ್ಗೆ ಕೊನೆಗೆ ಒಂದು ಸಾಲು ಬರೆದು ಬಿಟ್ಟಿದ್ದೀರಿ. ಹಳೆಯ ಪಿಕಪ್‌ಗಳ ಕೆಲಸವನ್ನು ಬಹಳ ಕಾಲದಿಂದ ಮಾಡುತ್ತಿರುವ ನಾನು ಲೆಕ್ಕವನ್ನು ಹಿಂದಿನ ಚಕ್ರದಿಂದ ಶುರು ಮಾಡಿ ಮುಂದಕ್ಕೆ ಬರುತ್ತೇನೆ. ಎಂಜಿನ್ ಯಾವುದೆಂಬುದು ಆಮೇಲೆ ತಾನಾಗಿಯೇ ತೀರ್ಮಾನವಾಗುತ್ತದೆ.

ಟೈರ್ 235/75ಆರ್15 ಎಂದಿಟ್ಟುಕೊಳ್ಳೋಣ. ಒಂದು ಸುತ್ತಿಗೆ ಅದು ಸುಮಾರು 2.3 ಮೀಟರ್ ಸಾಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 723 ಸುತ್ತು ತಿರುಗುತ್ತದೆ. ಅದನ್ನು 4.11ರಿಂದ ಗುಣಿಸಿದರೆ 2970. ಓವರ್‌ಡ್ರೈವ್, ಅಂದರೆ ಶಾಫ್ಟಿಗಿಂತ ಎಂಜಿನ್ ನಿಧಾನವಾಗಿ ತಿರುಗುವ ಮೇಲಿನ ಗೇರು, ಇಲ್ಲದ ಗೇರ್‌ಬಾಕ್ಸ್ ಇದ್ದರೆ ಎಂಜಿನ್ ಕೂಡ ಅಷ್ಟೇ ತಿರುಗಬೇಕು. ಈಗ 4ಬಿಟಿಯನ್ನು ಎದುರಿಗಿಡಿ. ಸಾಮಾನ್ಯವಾಗಿ ಸಿಗುವ 4ಬಿಟಿಯ ಗವರ್ನರ್ (ಎಂಜಿನ್ ವೇಗಕ್ಕೆ ಮಿತಿ ಹಾಕುವ ಭಾಗ) ಸುಮಾರು 2500 ಸುತ್ತಿಗೆ ಎಂಜಿನ್ನನ್ನು ತಡೆಯುತ್ತದೆ. ಅಂದರೆ ನಿಮ್ಮ ಗಾಡಿ ಗಂಟೆಗೆ 84 ಕಿಲೋಮೀಟರ್ ದಾಟುವುದೇ ಇಲ್ಲ, ಅದೂ ಎಂಜಿನ್ ಇಡೀ ಹೊತ್ತು ಕಿರುಚುತ್ತಾ. ಅದಕ್ಕೆ ಎನ್‌ವಿ4500ನಂತಹ ಓವರ್‌ಡ್ರೈವ್ ಇರುವ ಐದು ಗೇರಿನ ಪೆಟ್ಟಿಗೆ ಬೇಕು, ಇಲ್ಲವೇ ಆಕ್ಸಲ್ ಬದಲಿಸಬೇಕು. ಜೊತೆಗೆ ಆ ಎಂಜಿನ್ನಿನ ತೂಕ ಸುಮಾರು 340 ಕೆಜಿ, ಮುಂದಿನ ಸ್ಪ್ರಿಂಗ್‌ಗಳನ್ನೂ ಬದಲಿಸಬೇಕಾದೀತು. ಬ್ರೆಡ್ ಹಂಚುವ ವ್ಯಾನುಗಳಿಗಾಗಿ ಹೆಸರಾದ ಎಂಜಿನ್ ಅದು. ತಾಳಿಕೆ ಅಪಾರ, ನಡುಕವೂ ಅಪಾರ. ಡೀಸೆಲ್ ಸದ್ದಿಗೆ ಮನಸೋತವರಿಗೆ ನನ್ನ ತಕರಾರಿಲ್ಲ, ಆದರೆ ದಿನವೂ ಕಚೇರಿಗೆ ಹೋಗುವ ಗಾಡಿಗೆ ನಾನು ಅದನ್ನು ಹೇಳಲಾರೆ.

ಹಳೆಯ 350 ಸುಲಭದ ದಾರಿ. ಇದೇ ಗಾಡಿಗೆ ಕಾರ್ಖಾನೆಯಿಂದಲೇ ಬರುತ್ತಿದ್ದ ಎಂಜಿನ್, ವಿ8 ಮೌಂಟಿಂಗ್ ಹುಡುಕಿ ಕೂರಿಸಿದರೆ ಆಯಿತು, ವೈರಿಂಗ್ ತಲೆನೋವಿಲ್ಲ. ಕಾರ್ಬ್ಯುರೇಟರ್ ಹೊಂದಿಸುವುದು ನಿಮಗೆ ಇಷ್ಟದ ಕೆಲಸವಾದರೆ ಧಾರಾಳವಾಗಿ ಹಾಕಿ.

ನನ್ನ ಆಯ್ಕೆ 5.3. 1999ರಿಂದ ಜಿಎಂ ಟ್ರಕ್ಕುಗಳಲ್ಲಿ ಬಂದ ಎಲ್‌ಎಂ7, ಕಬ್ಬಿಣದ ಬ್ಲಾಕ್, ವರ್ಷಕ್ಕೆ ತಕ್ಕಂತೆ 270ರಿಂದ 295 ಅಶ್ವಶಕ್ತಿ. ಕೊಳ್ಳುವಾಗ ಒಂದು ಎಚ್ಚರಿಕೆ: 4.8 ಲೀಟರಿನ ಎಂಜಿನ್ ಹೊರಗಿನಿಂದ ನೋಡಲು ಇದರಂತೆಯೇ ಇರುತ್ತದೆ. ಸಿಲಿಂಡರಿನ ಅಗಲವೂ ಒಂದೇ, ವ್ಯತ್ಯಾಸವಿರುವುದು ಸ್ಟ್ರೋಕ್‌ನಲ್ಲಿ, ಅಂದರೆ ಪಿಸ್ಟನ್ ಚಲಿಸುವ ದೂರದಲ್ಲಿ ಮಾತ್ರ. ಗುಜರಿಯವರು 5.3 ಎಂದು ಚೀಟಿ ಅಂಟಿಸಿದ್ದರೆ ನಂಬಬೇಡಿ. ಅದು ಯಾವ ಗಾಡಿಯಿಂದ ಬಂತೋ ಅದರ ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಕೇಳಿ, ಎಂಟನೆಯ ಸ್ಥಾನದಲ್ಲಿ ‘ಟಿ’ ಇದ್ದರೆ ಎಲ್‌ಎಂ7, ‘ವಿ’ ಇದ್ದರೆ 4.8.

ಗೇರ್‌ಬಾಕ್ಸ್‌ಗೆ ಬಂದರೆ, ಆ ಎಂಜಿನ್ನಿನ ಜೊತೆ ಸಾಮಾನ್ಯವಾಗಿ ಸಿಗುವುದು ನಾಲ್ಕು ಗೇರಿನ ಆಟೋಮ್ಯಾಟಿಕ್ 4ಎಲ್60ಇ. ಮೊದಲ ಗೇರಿನ ಅನುಪಾತ 3.06, ನಾಲ್ಕನೆಯದು 0.70. ನಿಮ್ಮ ಆಕ್ಸಲ್‌ಗೆ 100 ಕಿಲೋಮೀಟರಿನಲ್ಲಿ ಸುಮಾರು 2080 ಸುತ್ತು, ಹಾಯಾದ ಓಟ. ಆದರೆ ಭಾರ ಎಳೆಯುವಾಗ ಅದರ ಮೂರು-ನಾಲ್ಕನೆಯ ಗೇರಿನ ಕ್ಲಚ್ ತಟ್ಟೆಗಳು ಸುಟ್ಟುಹೋಗುವುದು ಎಲ್ಲರಿಗೂ ಗೊತ್ತಿರುವ ದೌರ್ಬಲ್ಯ. ಇನ್ನೊಂದು ಆಯ್ಕೆಯಾದ 4ಎಲ್80ಇ, ಜಿಎಂನ ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಟಿಎಚ್400ರ ವಂಶದ್ದು, ಗಟ್ಟಿ, ಹೆಚ್ಚು ಭಾರ. ಅದರ ಮೊದಲ ಗೇರು 2.48 ಮಾತ್ರ. 3.08ರ ಆಕ್ಸಲ್ ಇದ್ದವರಿಗೆ ಅದು ಏರಿನಲ್ಲಿ ಮಂಕಾಗಿ ಕಾಣುತ್ತದೆ, ನಿಮ್ಮ 4.11ಕ್ಕೆ ಆ ಕೊರತೆ ತಟ್ಟುವುದಿಲ್ಲ. ಓವರ್‌ಡ್ರೈವ್ 0.75, ಅಂದರೆ ಸುಮಾರು 2230 ಸುತ್ತು. ಟ್ರೇಲರ್ ವಾರವಾರವೂ ಇದ್ದರೆ 80ಇ, ವರ್ಷಕ್ಕೆ ನಾಲ್ಕು ಸಲವಾದರೆ 60ಇಗೆ ದೊಡ್ಡ ಆಯಿಲ್ ಕೂಲರ್ ಹಾಕಿಕೊಂಡು ಓಡಿಸಿ.

ಎಂಜಿನ್, ಗೇರ್‌ಬಾಕ್ಸ್, ಕಂಪ್ಯೂಟರ್, ವೈರಿಂಗ್ ಎಲ್ಲವನ್ನೂ ಒಂದೇ ಗಾಡಿಯಿಂದ ಬಿಚ್ಚಿಸಿಕೊಳ್ಳಿ. ವೈರ್ ಕತ್ತರಿಸಿ ಕೊಡುತ್ತೇನೆ ಎನ್ನುವವನ ಹತ್ತಿರ ಹೋಗಲೇಬೇಡಿ. ತಂತಿಯ ಬದಲು ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಎಂಜಿನ್ ಆದರೆ ಆಕ್ಸಿಲರೇಟರ್ ಪೆಡಲ್ ಮತ್ತು ಅದರ ಮಾಡ್ಯೂಲ್ ಕೂಡ ಅದೇ ಗಾಡಿಯದ್ದೇ ಆಗಲಿ. ಕಂಪ್ಯೂಟರಿನಲ್ಲಿ ಕಳ್ಳತನ ತಡೆಯುವ ವ್ಯವಸ್ಥೆಯನ್ನು ತೆಗೆಸದಿದ್ದರೆ ಎಂಜಿನ್ ಹತ್ತಿದ ಒಂದೆರಡು ಕ್ಷಣದಲ್ಲೇ ನಿಂತುಹೋಗುತ್ತದೆ, ಮತ್ತು ನೀವು ವಿನಾಕಾರಣ ಪೆಟ್ರೋಲ್ ಪಂಪ್ ಬಿಚ್ಚುತ್ತೀರಿ. ಪಂಪ್ ಹೇಗೂ ಹೊಸದು ಬೇಕು. ಕಾರ್ಬ್ಯುರೇಟರಿಗೆ ಏಳು ಪಿಎಸ್ಐ ಒತ್ತಡ ಸಾಕಾಗಿತ್ತು, ಇದು ಕೇಳುವುದು 58.

ಟಾರ್ಕ್ ಕನ್ವರ್ಟರ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಎಂಜಿನ್ನಿನ ಬಲ ದಾಟಿಸುವ, ಆಯಿಲ್ ತುಂಬಿದ ಭಾಗ) ಕೂರಿಸುವಾಗ ಮಾತ್ರ ಅವಸರ ಬೇಡ. ಅದನ್ನು ಒತ್ತುತ್ತಾ ತಿರುಗಿಸುತ್ತಾ ಹೋದರೆ ಹಂತ ಹಂತವಾಗಿ ಒಳಕ್ಕೆ ಜಾರುವುದು ಕೈಗೆ ತಿಳಿಯುತ್ತದೆ. ಕೊನೆಯ ಹಂತ ಗೇರ್‌ಬಾಕ್ಸಿನ ಆಯಿಲ್ ಪಂಪಿನದು. ಬೆಲ್ ಹೌಸಿಂಗ್ (ಗೇರ್‌ಬಾಕ್ಸಿನ ಮುಂದಿನ ಕವಚ) ಎಂಜಿನ್ನಿಗೆ ಪೂರ್ತಿ ತಾಗಿದ ಮೇಲೂ ಕನ್ವರ್ಟರ್ ಕೈಯಲ್ಲಿ ತಿರುಗಬೇಕು, ಎಂಜಿನ್ನಿನ ಹಿಂಬದಿಯ ತಟ್ಟೆಯಾದ ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವೆ ಮೂರರಿಂದ ಐದು ಮಿಲಿಮೀಟರ್ ಸಂದು ಉಳಿದಿರಬೇಕು. ಸಂದು ಇಲ್ಲದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ, ಪಂಪ್ ಒಡೆಯುತ್ತದೆ.

ಟ್ರಕ್ಕಿನ ಆಯಿಲ್ ಸಂಪ್ ಆಳವಾದದ್ದು, ಚಾಸಿಯ ಅಡ್ಡಪಟ್ಟಿಗೆ ತಾಗುತ್ತದೆಯೇ, ಅದಕ್ಕಿಂತ ಕೆಳಕ್ಕೆ ಇಳಿಯುತ್ತದೆಯೇ ಎಂದು ಎಂಜಿನ್ ತೂಗುಹಾಕಿ ನೋಡಿ. ಸೈಲೆನ್ಸರ್ ಪೈಪು ಸ್ಟೀರಿಂಗ್ ಶಾಫ್ಟಿಗೆ ತಾಗದಂತೆ ಆಗಲೇ ಜಾಗ ಮಾಡಿಕೊಳ್ಳಿ. ನೀವು ಕ್ಯಾಲಿಫೋರ್ನಿಯಾದಲ್ಲಿದ್ದರೆ 1976 ಮತ್ತು ಅದಕ್ಕಿಂತ ಹೊಸ ಪೆಟ್ರೋಲ್ ಗಾಡಿಗಳಿಗೆ ಹೊಗೆ ತಪಾಸಣೆ ಇದೆ. ಹಾಕುವ ಎಂಜಿನ್ ಗಾಡಿಯಷ್ಟೇ ಹೊಸದು ಅಥವಾ ಅದಕ್ಕಿಂತ ಹೊಸದಾಗಿರಬೇಕು, ಕ್ಯಾಟಲಿಟಿಕ್ ಕನ್ವರ್ಟರ್ ಸಹಿತ ಅದರ ಹೊಗೆ ನಿಯಂತ್ರಣ ಸಾಮಗ್ರಿಯೆಲ್ಲ ಜೊತೆಗೇ ಬರಬೇಕು. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನ ಅಳತೆಯನ್ನು ಎಲ್ಲ ಕೂತು, ಗಾಡಿ ತನ್ನ ಚಕ್ರದ ಮೇಲೆ ನಿಂತ ಮೇಲಷ್ಟೇ ತೆಗೆದುಕೊಳ್ಳಿ. ಜಾಕಿಯ ಮೇಲೆ ಅಳೆದ ಶಾಫ್ಟ್ ಸರಿಯಾಗಿ ಕೂರುವುದಿಲ್ಲ.